ಬೆಳಕಿಗೆ ರೆಪ್ಪೆ ಬಡಿಯದೆ

ನನ್ನ ಹೆಂಡತಿ ಪಾರ್ಶ್ವವಾಯು ಬಡಿದು ತೀರಿಕೊಂಡ ಮೇಲೆ ಮಗಳಿಗೊಂದು ಅಭ್ಯಾಸವಾಯಿತು. ನಾನು ನೈಟ್ ಶಿಫ್ಟ್ ಮುಗಿಸಿ ಹಗಲು ಮಲಗಿದ್ದಾಗ ಮೆಲ್ಲಗೆ ಬಂದು ನನ್ನ ಮೂಗಿನ ಹತ್ತಿರ ಅಂಗೈ ಹಿಡಿಯುತ್ತಿದ್ದಳು. ಉಸಿರು ತಾಗಿದ ಮೇಲೆ ಹೋಗುತ್ತಿದ್ದಳು. ಅವರಮ್ಮನಂತೆ ನನಗೂ ಬಿಪಿ ಇದೆ. ಅಪ್ಪನೂ ಹಾಗೆಯೇ ಹೋದರೆ ಎಂಬ ಭಯ ಅವಳಿಗೆ.

ಅವಳು ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಸೂಜಿ ಚುಚ್ಚದೆ, ರಕ್ತ ತೆಗೆಯದೆ, ಕಣ್ಣಿನೊಳಗಿನ ರಕ್ತನಾಳ ನೋಡಿಯೇ ಮೈಯೊಳಗಿನ ನಾಳಗಳು ಹೇಗಿವೆ ಎಂದು ಅಂದಾಜು ಮಾಡುತ್ತಾರೆಂದು ಅಲ್ಲಿ ಯಾರೋ ಹೇಳಿದ್ದರು. ರಜೆಯ ದಿನ ಬೆಳಗ್ಗೆ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕಣ್ಣಾಸ್ಪತ್ರೆಗೆ ಹೊರಟಳು. ಟೀಗೂ ಬಿಡಲಿಲ್ಲ. ಕುಡಿದರೆ ನಾಳದ ಅಳತೆ ಬದಲಾಗುತ್ತದಂತೆ.

ಕಣ್ಣಿಗೆ ಹನಿ ಹಾಕಿ, ಯಂತ್ರದ ಪಟ್ಟಿಯ ಮೇಲೆ ಗದ್ದ ಇಡಿಸಿದರು. ಒಳಗೆ ಸೂಜಿಯಂಥ ಒಂದು ಮೊನೆ ಕಾಣುತ್ತಿತ್ತು. ಅದನ್ನೇ ನೋಡುತ್ತಿರಬೇಕು. ಬೆಳಕು ಪಟಪಟನೆ ಮಿನುಗಿದಾಗ ನಾಳ ಕೊಂಚ ಅಗಲವಾಗುತ್ತದೆ, ಎಷ್ಟೆಂದು ಕ್ಯಾಮೆರಾ ಅಳೆಯುತ್ತದೆ ಎಂದಳು ಯಂತ್ರ ನಡೆಸುವ ಹುಡುಗಿ.

ನಾನು ವೆಲ್ಡರ್. ಕಿಡಿ ಹೊತ್ತುವ ಮೊದಲೇ ಕಣ್ಣು ಮುಚ್ಚುವುದು ಮೈಗೆ ಹತ್ತಿಬಿಟ್ಟಿದೆ. ಬೆಳಕು ಮಿನುಗಿದ್ದೇ ತಡ, ರೆಪ್ಪೆ ಬಿತ್ತು. ಇನ್ನೊಮ್ಮೆಯೂ ಹಾಗೇ.

"ಅಣ್ಣ, ಇದು ಸುಡೋ ಬೆಳಕಲ್ಲ. ಕಣ್ಬಿಡಿ."

"ನಂಗೊತ್ತಮ್ಮ. ಕಣ್ಣಿಗೆ ಗೊತ್ತಾಗ್ಬೇಕಲ್ಲ."

"ಹಿಂಗೇ ಮಾಡ್ತಿದ್ರೆ ರೆಪ್ಪೆ ಫೋಟೋನೇ ಕೊಟ್ಟು ಕಳಿಸ್ತೀನಿ ನೋಡಿ!"

ಮಗಳು ನಗಲಿಲ್ಲ. ಹಿಂದೆ ಬಂದು ನಿಂತು, "ಅಪ್ಪಾ, ಅಮ್ಮಂಗೆ ಸೂಜಿ ಪೋಣಿಸ್ಕೊಡ್ತಿದ್ಯಲ್ಲ, ಹಂಗೆ ನೋಡು" ಎಂದಳು.

ಹೆಂಡತಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿದು ಬರುತ್ತಿದ್ದಳು. ಮನೆಯಲ್ಲಿ ಒಂದು ಗುಂಡಿ ಹಾಕಬೇಕಾದರೂ ಸೂಜಿ ನನ್ನ ಕೈಗೆ ಬರುತ್ತಿತ್ತು. "ನಂಗೆ ಚಾಳೀಸು ಬಂದೈತೆ ಕಣ್ರೀ, ನೀವೇ ಪೋಣಿಸಿ" ಎನ್ನುತ್ತಿದ್ದಳು. ಬಾಗಿಲ ಬೆಳಕಿಗೆ ಹಿಡಿದು, ಉಸಿರು ಕಟ್ಟಿ, ಪೋಣಿಸಿ ಕೊಡುತ್ತಿದ್ದೆ.

ಆ ಮೊನೆಯನ್ನು ಹಾಗೆಯೇ ನೋಡಿದೆ. ಬೆಳಕು ಮಿನುಗಿತು, ನಿಂತಿತು, ಮತ್ತೆ ಮಿನುಗಿತು. ಕಣ್ಣು ತೆರೆದೇ ಇತ್ತು.

ನಾಳಗಳು ಅಗಲವಾಗುತ್ತಿವೆ, ಆದರೆ ಆಗಬೇಕಾದಷ್ಟು ಆಗುತ್ತಿಲ್ಲ ಎಂದರು ಡಾಕ್ಟರು. ಇದೊಂದರಿಂದಲೇ ಎಲ್ಲ ಹೇಳಲಾಗದು. ಬಿಪಿ ಮಾತ್ರೆ ತಪ್ಪಿಸಬಾರದು, ಉಪ್ಪು ಕಡಿಮೆ ಮಾಡಬೇಕು, ಮತ್ತೆ ಬಂದು ತೋರಿಸಬೇಕು.

"ನನ್ನ ಹೆಂಡ್ತಿ ಕಣ್ಣಲ್ಲಿ ಮೊದ್ಲೇ ಏನಾದ್ರೂ ಕಾಣ್ತಿತ್ತಾ, ಸಾರ್?"

"ನೋಡ್ದೆ ಹೆಂಗೆ ಹೇಳ್ಲಿ?" ಎಂದರು ಅವರು, ಮೆತ್ತಗೆ.

ಹನಿಯಿಂದಾಗಿ ಹೊರಗಿನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಮಗಳು ತನ್ನ ದುಪ್ಪಟ್ಟಾವನ್ನು ನನ್ನ ಮುಖಕ್ಕೆ ಸುತ್ತಿ ಮನೆಗೆ ಕರೆತಂದಳು.

ಮಧ್ಯಾಹ್ನ ಮಲಗಿದ್ದೆ. ಅವಳು ಬಂದಳು. ಇಷ್ಟಾದ ಮೇಲೂ ಅಂಗೈ ಮೂಗಿನ ಹತ್ತಿರ ಬಂತು. ನನಗೆ ಎಚ್ಚರವಿತ್ತು. ಕಣ್ಣು ತೆರೆಯದೆ, ಉಸಿರನ್ನು ಸ್ವಲ್ಪ ಜೋರಾಗಿಯೇ ಬಿಟ್ಟೆ. ಅವಳು ಕೈ ತೆಗೆದು, ಒಳಗೆ ಹೋಗಿ ಟೀಗೆ ನೀರಿಟ್ಟಳು.