ಪರದೆಯ ಹಿಂದಿನ ಹೆಸರು

ಯಾರು ಮಾತಾಡುತ್ತಿದ್ದರೂ ಕಾಕು ತುಟಿಗಳು ಅವರಿಗಿಂತ ಅರ್ಧ ಕ್ಷಣ ಮುಂದೆಯೇ ಅಲುಗುತ್ತಿದ್ದವು. ನೆದರ್ಲೆಂಡ್ಸ್‌ನ ನೈಮೆಗನ್‌ನಲ್ಲಿ ನನ್ನ ಮೇಲಿನ ಮನೆಗೆ ಮಗಳನ್ನು ನೋಡಲು ಬಂದು, ಕೊರೊನಾದಲ್ಲಿ ವಿಮಾನ ನಿಂತದ್ದರಿಂದ ಅಲ್ಲೇ ಉಳಿದುಕೊಂಡಿದ್ದ ಧಾರವಾಡದ ಕಾಕು ಅವರು. ಯೌವನದಲ್ಲಿ ಹವ್ಯಾಸಿ ನಾಟಕ ತಂಡವೊಂದರಲ್ಲಿ, ಮರೆಯಲ್ಲಿ ಕೂತು ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರ್ ಆಗಿದ್ದರು.

ನೂರು ವರ್ಷ ಹಳೆಯ ಅಮೆರಿಕನ್ ನಾಟಕವೊಂದರ ಪ್ರದರ್ಶನಗಳ ಇತಿಹಾಸ ನನ್ನ ಪಿಎಚ್‌ಡಿ ವಿಷಯ. ದಾಖಲೆ ಸಂಗ್ರಹಾಲಯಗಳೂ ಮುಚ್ಚಿದ್ದವು. ಸಾಕ್ಷ್ಯವಿಲ್ಲದಿದ್ದರೆ ಭಾರತದ ಅಧ್ಯಾಯ ತೆಗೆದುಬಿಡು ಎಂದರು ನನ್ನ ಡಚ್ ಗೈಡ್. ಎರಡು ವರ್ಷದ ಕೆಲಸ! ಅಂಗಳದಲ್ಲಿ ಒಂದೂವರೆ ಮೀಟರ್ ದೂರ ಕೂತು ಕಾಕು ಮುಂದೆ ಅತ್ತುಬಿಟ್ಟೆ. ಕಥೆ ಏನೆಂದು ಕೇಳಿದರು, ಹೇಳಿದೆ.

"ಏ ಹುಚ್ಚಿ, ಇದನ್ನ ನಾವು ಕನ್ನಡದಾಗ ಆಡೇವಿ! ಸ್ಟೇಜಿನ ಬಾಜೂಕ ವಿಂಗ್‌ನಾಗ ಕುಂತು ಪ್ರಾಂಪ್ಟ್ ಮಾಡಿದಾಕಿನ ನಾನು. ಕಡೀಕ ಹೀರೋ ಸತ್ತಾ. ಮಂದಿ ಒನ್ಸ್ ಮೋರ್ ಅಂತ ಒದರಿದ್ರು. ಎದ್ದು ಮತ್ತ ಸತ್ತಾ. ಮೂರನೇ ಸಲ ಏಳಾಕ ಹೊಂಟಾಗ, ಸಾಕು ಮಲ್ಕೋರಿ ಅಂದೆ."

ಗೈಡ್ ನಂಬಲಿಲ್ಲ. ವಿಡಿಯೋ ಕರೆಯಲ್ಲೇ ಪರೀಕ್ಷೆ ಇಟ್ಟರು. ಮೂಲ ಪುಸ್ತಕದಿಂದ ಅವರು ಒಂದು ಮಾತು ಓದಬೇಕು, ನಾನು ಕನ್ನಡದಲ್ಲಿ ಹೇಳಬೇಕು, ಕಾಕು ಮುಂದಿನ ಮಾತು ಹಿಡಿಯಬೇಕು. ಕಾಕು ಹಿಡಿದರು, ಆದರೆ ಪಿಸುಮಾತಿನಲ್ಲಿ. ಆ ಕಡೆ ಏನೂ ಕೇಳಿಸಲಿಲ್ಲ.

"ಕಾಕು, ಸ್ವಲ್ಪ ಜೋರಾಗಿ ಹೇಳಿ, ಪ್ಲೀಸ್!"

"ಪ್ರಾಂಪ್ಟರ್ ಜೋರಾಗಿ ಮಾತಾಡಿದ್ರ ನಾಟಕ ಕೆಡ್ತೈತಿ."

"ಇವತ್ತು ನಟರೇ ಇಲ್ಲ ಕಾಕು. ಎಲ್ಲಾ ಪಾತ್ರಾನೂ ನಿಮ್ದೇ."

ಕಾಕು ಸೆರಗು ಬಿಗಿದು ಎದ್ದು ನಿಂತರು. ಅಬ್ಬಾ, ಆ ದನಿ! ತಾಯಿ, ಮಗ, ಪೊಲೀಸ್ ಎಲ್ಲರೂ ಒಬ್ಬೊಬ್ಬರಾಗಿ ಬಂದರು. ಎಲ್ಲಿ ಕೇಳಿದರೂ ಮುಂದಿನ ಮಾತು ತಪ್ಪಲಿಲ್ಲ. ಗೈಡ್ ಪುಸ್ತಕ ಮುಚ್ಚಿ ಚಪ್ಪಾಳೆ ತಟ್ಟಿದರು. ಕಾಕು ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡೆವು, ಅಧ್ಯಾಯ ಉಳಿಯಿತು, ನಾನು ಡಾಕ್ಟರ್ ಆದೆ.

ಕಾಕು ಈಗಿಲ್ಲ. ಊರಿಗೆ ಮರಳಿದ ಮರುವರ್ಷ ಹೋದರು. ಆದರೆ ನೈಮೆಗನ್ ಬಿಡುವ ಮುನ್ನ ಅಚ್ಚಾದ ಪ್ರಬಂಧ ಅವರ ಕೈಗೆ ಸಿಕ್ಕಿತ್ತು. ಅವರ ಕಾಲದ ಯಾವ ಕರಪತ್ರದಲ್ಲೂ ಪ್ರಾಂಪ್ಟರ್ ಹೆಸರು ಹಾಕುತ್ತಿರಲಿಲ್ಲವಂತೆ. ನನ್ನ ಪ್ರಬಂಧದ ಕಲಾವಿದರ ಪಟ್ಟಿಯಲ್ಲಿ ಹೀರೋಗಿಂತ ಮೇಲೆ ಅವರ ಹೆಸರಿತ್ತು. ಅದರ ಮೇಲೆ ಬೆರಳಿಟ್ಟು ತಮ್ಮ ಹೆಸರನ್ನು ಪಿಸುಮಾತಿನಲ್ಲಿ ಓದಿದರು.

"ಒನ್ಸ್ ಮೋರ್, ಕಾಕು!" ಎಂದು ಕೂಗಿದೆ.

ಬೀದಿಗೆಲ್ಲ ಕೇಳುವಂತೆ ಓದಿದರು.