ಮೂರಳತೆ ಟೈಲರ್

ಬೀದಿಯವರು ಆ ಟೈಲರಿಗೆ ಇಟ್ಟ ಹೆಸರು ಮೂರಳತೆ. ಮೂರು ಸಲ ಟೇಪು ಹಿಡಿಯದೆ ಅವನು ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಎಲ್ಲಿ ತಪ್ಪಿತೋ, ಯಾರ ಬಟ್ಟೆ ಹಾಳಾಯಿತೋ ಎಂದು ಎದೆ ಢವಢವ. ಅದೇ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ-ಗುಂಡಿ ಹಾಕುವ ಹೆಂಡತಿಗೆ ಇಪ್ಪತ್ತು ವರ್ಷ ಇದನ್ನು ನೋಡಿ ತಲೆ ಚಿಟ್ಟು ಹಿಡಿದಿತ್ತು. "ನೀವು ಕತ್ತರಿ ಎತ್ತೋ ಹೊತ್ತಿಗೆ ಗಿರಾಕಿ ದಪ್ಪ ಆಗಿರ್ತಾನೆ" ಎಂದು ಗಿರಾಕಿಗಳ ಎದುರೇ ಛೇಡಿಸುವಳು. ಕೆಟ್ಟವಳೇನಲ್ಲ, ಬಾಯಿ ಸ್ವಲ್ಪ ಮುಂದು.

ಅವನಿಗೆ ನಿದ್ದೆಯೂ ಹಾರಿಹೋದಾಗ ಅವಳೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅಲ್ಲಿಯೂ ಮಾತೆಲ್ಲ ಅವಳದ್ದೇ. ಹೆದರಿಕೆಯ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಅವನು ನೆಲ ನೋಡುತ್ತ ಕೂತಿದ್ದ.

ಮಾತ್ರೆ ಶುರುವಾಗಿ ಎರಡು ವಾರಕ್ಕೆ ಅವನು ಒಂದೇ ಅಳತೆಗೆ ಕತ್ತರಿ ಹಾಕಿದ. ಮರುವಾರ ಅದೂ ಇಲ್ಲ, ಬರೀ ಕಣ್ಣಂದಾಜು. ಅವಳಿಗೆ ಸ್ವರ್ಗ ಮೂರೇ ಗೇಣು. "ನಿಮ್ಮಣ್ಣ ಈಗ ಮನುಷ್ಯರಾದ್ರು ಕಣೇ!" ಎಂದು ಅವನ ಎದುರೇ ನಾದಿನಿಗೆ ಫೋನು ಮಾಡಿದಳು.

ಆ ಮಂಗಳವಾರ ಮಧ್ಯಾಹ್ನ ಗುಂಡಿ ಹಾಕಲೆಂದು ಮದುಮಗನೊಬ್ಬನ ಕೋಟು ಬಿಡಿಸಿದಳು. ಎರಡೂ ತೋಳು ಎಡಗೈಯವು. ಹಾಗೇ ಕೂಡಿಸಿ ಹೊಲಿದಿದ್ದ.

"ರೀ! ಏನ್ರೀ ಇದು?"

ಅವನು ನೋಡಿದ. ಮುಖದಲ್ಲಿ ಏನೂ ಕದಲಲಿಲ್ಲ. "ಹೌದಲ್ಲ. ಇರ್ಲಿ ಬಿಡು. ಯಾರು ಹಾಕ್ಕೊಂಡ್ರೇನು, ಬಿಟ್ರೇನು."

ಅರ್ಧ ಇಂಚು ಹೆಚ್ಚುಕಮ್ಮಿಯಾದರೆ ಊಟ ಬಿಡುತ್ತಿದ್ದ ಮನುಷ್ಯ ಇವನೇನಾ? ಹಾಡುಹಗಲೇ ಷಟರ್ ಎಳೆದು ಅವನನ್ನು ಡಾಕ್ಟರ ಮುಂದೆ ಕೂರಿಸಿದಳು.

"ಈ ಸಲ ಅವರು ಮಾತಾಡ್ಲಿ, ನೀವು ಸುಮ್ನಿರಿ" ಎಂದರು ಡಾಕ್ಟರು.

ಅವನು ನೆಲದಿಂದ ಕಣ್ಣೆತ್ತಿದ. "ಹೆದರಿಕೆ ಹೋಗಿಲ್ಲ ಡಾಕ್ಟ್ರೇ. ಎದೆ ಹಾಗೇ ಹೊಡ್ಕೊಳ್ಳುತ್ತೆ. ಈಗ ಟೇಪು ಎತ್ತೋಕೂ ಮನಸ್ಸಿಲ್ಲ, ಅಷ್ಟೇ. ಬೆಳಗಾಗೋದೇ ಬೇಡ ಅನ್ಸುತ್ತೆ. ಹೀಗೆ ಅನ್ಸೋಕೆ ಶುರುವಾಗಿ ವರ್ಷದ ಮೇಲಾಯ್ತು."

ವರ್ಷ! ಮೂರಡಿ ದೂರದಲ್ಲಿ ಕೂತು ಗುಂಡಿ ಹಾಕಿದ್ದಳಲ್ಲ ಅವಳು.

"ಹೆದರಿಕೆ ಇರೋ ಎಷ್ಟೋ ಜನರಿಗೆ ಖಿನ್ನತೆನೂ ಜೊತೇಲೇ ಇರುತ್ತಮ್ಮ" ಎಂದರು ಡಾಕ್ಟರು. "ಹೋದ್ಸಲ ನಾನೂ ಇವರನ್ನ ಕೇಳ್ಬೇಕಿತ್ತು. ಎರಡಕ್ಕೂ ಔಷಧಿ ಇದೆ, ಇವತ್ತಿಂದಲೇ ಮಾತ್ರೆ ಬದಲಾಯಿಸೋಣ."

ಅವಳು ಗಂಡನ ಕೈ ಹಿಡಿದುಕೊಂಡಳು. "ನಂಗ್ಯಾಕ್ರೀ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಇಪ್ಪತ್ತು ವರ್ಷದಲ್ಲಿ ನೀನು ನನ್ನ ನೋಡಿ ಖುಷಿಪಟ್ಟಿದ್ದು ಈ ತಿಂಗಳು ಮಾತ್ರ ಕಣೇ."