ಕಲ್ಲು, ಬೋಗುಣಿ ಮತ್ತು ಟ್ರಿಕ್ ಸರ್

ಕಾಲೇಜಿನ ಕೆಲಸ ಸಿಗುವ ಮೊದಲು ಸೇಡಂನ ಒಂದು ಕೋಚಿಂಗ್ ಕ್ಲಾಸಿನಲ್ಲಿ ಕೆಲಕಾಲ ಭೌತಶಾಸ್ತ್ರ ಕಲಿಸಿದೆ. ಅದರ ಮಾಲೀಕರನ್ನು ಊರವರು ‘ಟ್ರಿಕ್ ಸರ್’ ಅನ್ನುತ್ತಿದ್ದರು. ಅದನ್ನು ಅವರು ಬಿರುದು ಅಂದುಕೊಂಡಿದ್ದರು. ಬಸ್ ನಿಲ್ದಾಣದೆದುರು ಅವರ ಆಳೆತ್ತರದ ಬ್ಯಾನರ್ ಇತ್ತು. ಕೋಟು ತೊಟ್ಟು ಕೈಕಟ್ಟಿ ನಿಂತ ಚಿತ್ರ, ಕೆಳಗೆ ‘ಯೋಚಿಸಬೇಡಿ, ಉತ್ತರಿಸಿ’ ಎಂಬ ಸಾಲು. ಮಕ್ಕಳಿಗೆ ಕಲಿಸಬೇಕಾದ ಮನುಷ್ಯ ಯೋಚಿಸಬೇಡಿ ಎಂದು ಬರೆಸಿ ಬೀದಿಯಲ್ಲಿ ತೂಗುಹಾಕಿದ್ದಾನೆ, ಅದನ್ನು ಓದಿಯೇ ಅಪ್ಪ-ಅಮ್ಮಂದಿರು ಮಕ್ಕಳ ಕೈಹಿಡಿದು ಒಳಗೆ ಬರುತ್ತಿದ್ದಾರೆ. ಇಬ್ಬರಲ್ಲಿ ಯಾರು ಹೆಚ್ಚು ಮೂರ್ಖರು ಎಂದು ನನಗೆ ಕೊನೆಗೂ ತೀರ್ಮಾನಿಸಲಾಗಲಿಲ್ಲ.

ನಾನು ಶಹಾಬಾದಿನವಳು. ಮನೆಯ ನೆಲಕ್ಕೆ ಹಾಸುವ ಪರ್ಸಿ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆನೀರು ನಿಂತು ಕೆರೆಯಂತಾಗುವ ಊರು ನಮ್ಮದು. ಹೈಸ್ಕೂಲಿನಲ್ಲಿದ್ದಾಗ ಟೀಚರೊಬ್ಬರು ಆ ಗಣಿ ತೋರಿಸಿ ಕೇಳಿದ್ದರು: ಈ ನೀರಿನ ಮೇಲೆ ಕಲ್ಲು ತುಂಬಿದ ದೋಣಿ ತೇಲುತ್ತಿದೆ, ಕಲ್ಲನ್ನೆಲ್ಲ ನೀರಿಗೆ ಎತ್ತಿಹಾಕಿದರೆ ಗಣಿಯ ನೀರು ಏರುತ್ತದೋ, ಇಳಿಯುತ್ತದೋ, ಇದ್ದಲ್ಲೇ ಇರುತ್ತದೋ? ಉತ್ತರ ಅವರು ಹೇಳಲಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ಎಳೆಯ ಹಾಗೆ ಆ ಪ್ರಶ್ನೆ ನನ್ನನ್ನು ಕಾಡಿತು. ಊಟಕ್ಕೆ ಕೂತಾಗ, ನೀರು ಹಿಡಿಯುವಾಗ ಅದೇ. ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ತಟ್ಟನೆ ಬಿಡಿಸಿಕೊಂಡಿತು. ಆ ಖುಷಿಯ ಮುಂದೆ ಆಮೇಲೆ ಸಿಕ್ಕ ಯಾವ ಅಂಕವೂ ದೊಡ್ಡದೆನಿಸಿಲ್ಲ.

ಅದೇ ಪ್ರಶ್ನೆಯನ್ನು ಸೇಡಂನಲ್ಲಿ ನನ್ನ ಬ್ಯಾಚಿನ ಹುಡುಗಿಯರಿಗೆ ಕೇಳಿದೆ. ಹೆಚ್ಚಿನವರು ಪೆನ್ನು ಹಿಡಿದು ಎ, ಬಿ, ಸಿ ಎಂಬ ಆಯ್ಕೆಗಳಿಗಾಗಿ ಕಾದರು. ಗಡಿಯಂಚಿನ ಕುಂಚಾವರಂ ಕಡೆಯ ಒಬ್ಬಳು ಮಾತ್ರ ಎದ್ದು ನಿಂತಳು. ಮನೆಯಲ್ಲಿ ತೆಲುಗು, ಕ್ಲಾಸಿನಲ್ಲಿ ಕನ್ನಡ ಆಡುವ ಹುಡುಗಿ.

“ನೀರು ಏರ್ತದ್ರಿ ಮೇಡಂ.”

“ಯಾಕ?”

“ಕಲ್ಲು ನೀರಾಗ ಹೋಯ್ತಲ್ರಿ.”

“ಮೊದಲು ಎಲ್ಲಿತ್ತು?”

ಅವಳು ಮರುದಿನ ಅಕ್ಕಿ ಇಡುವ ಪಾರದರ್ಶಕ ಡಬ್ಬಿಯೊಂದನ್ನು ತಾನೇ ಹೊತ್ತು ತಂದಳು. ಅದಕ್ಕೆ ನೀರು ಹಾಕಿ, ಮೇಲೊಂದು ಸ್ಟೀಲ್ ಬೋಗುಣಿ ತೇಲಿಬಿಟ್ಟು, ಅದರಲ್ಲಿ ಪರ್ಸಿ ಚೂರುಗಳನ್ನಿಟ್ಟೆವು. ನೀರಿನ ಮಟ್ಟಕ್ಕೆ ಕಾಡಿಗೆಯ ಗೆರೆ ಎಳೆದೆವು. ಆಮೇಲೆ ಚೂರುಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟೆವು. ನೀರು ಗೆರೆಯಿಂದ ಕೆಳಗಿಳಿಯಿತು. ಹುಡುಗಿ ಬಗ್ಗಿ ನೋಡಿದಳು, ಕಲ್ಲು ತೆಗೆದು ಮತ್ತೆ ಬೋಗುಣಿಗಿಟ್ಟಳು, ಮತ್ತೆ ನೀರಿಗೆ ಬಿಟ್ಟಳು. ಆಮೇಲೆ ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: “ಬೋಗುಣ್ಯಾಗ ಕುಂತು ತೇಲೋವಾಗ ಕಲ್ಲು ತನ್ನ ತೂಕದಷ್ಟು ನೀರು ಸರಿಸ್ತದ. ಮುಳುಗಿದ್ಮ್ಯಾಲ ತನ್ನ ಗಾತ್ರದಷ್ಟೇ. ಕಲ್ಲು ಭಾಳ ಭಾರ, ಗಾತ್ರ ಸಣ್ಣದು. ಅದಕ್ಕ ಇಳೀತದ.”

ಅಷ್ಟರಲ್ಲಿ ಟ್ರಿಕ್ ಸರ್ ಬಂದರು. ನೆಲದ ಮೇಲೆ ನೀರು ಕಂಡು ಅವರ ಮುಖ ಕೆಟ್ಟಿತು.

“ಏನ್ ನಡಸೀರಿ ಮೇಡಂ?”

ಪ್ರಶ್ನೆ ಹೇಳಿದೆ. ಅವರು ಕ್ಷಣವೂ ತಡೆಯಲಿಲ್ಲ. “ಇದ್ದಲ್ಲೇ ಇರ್ತದ. ಕಲ್ಲು ಅದೇ, ತೂಕ ಅದೇ.”

“ನೀವೇ ನೋಡ್ರಿ ಸರ್,” ಎಂದಳು ಹುಡುಗಿ. ಅವರು ಬಗ್ಗಿ ಕಾಡಿಗೆ ಗೆರೆ ನೋಡಿದರು, ಇಳಿದ ನೀರು ನೋಡಿದರು, ಕಿಟಕಿಯಾಚೆಯ ಬಿಸಿಲು ನೋಡಿದರು.

“ಈ ಬಿಸಿಲಿಗೆ ಆರಿರಬೇಕು,” ಎಂದು ಹೋದರು.

ನಮ್ಮ ಬಿಸಿಲಿನ ಮೇಲೆ ನಾನಾ ಆರೋಪಗಳಿವೆ. ಆದರೆ ಕಣ್ಣೆದುರೇ ಬೆರಳಗಲ ನೀರು ಕುಡಿದ ಆರೋಪವನ್ನು ನಾನು ಕೇಳಿದ್ದು ಅದೊಂದೇ ಸಲ. ಹುಡುಗಿಯರು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕರು.

ಸರ್ ಆಮೇಲೆ ಎಲ್ಲೋ ಉತ್ತರ ಹುಡುಕಿರಬೇಕು. ಕೆಲವು ವಾರಗಳಲ್ಲಿ ಅವರ ಮೊಬೈಲ್ ವಿಡಿಯೋ ಒಂದರಲ್ಲಿ ನಮ್ಮ ದೋಣಿ ಕಾಣಿಸಿತು. ‘ದೋಣಿಯಿಂದ ಏನೇ ಬಿದ್ದರೂ ನೀರು ಇಳಿಕೆ, ನೆನಪಿಡಿ, ಮುಗೀತು.’ ಯಾಕೆ ಎಂಬುದಿಲ್ಲ. ಸಿಪ್ಪೆ ತಿಂದು ಹಣ್ಣು ಎಸೆಯುವ ಕಲೆ ಅವರಿಗೆ ಚೆನ್ನಾಗಿ ಒಲಿದಿತ್ತು.

ಮುಂದಿನ ಟೆಸ್ಟಿನಲ್ಲಿ ಅದನ್ನೇ ಕೇಳಿದರು. ಹೊಸದಾಗಿ ಕಾಣಲಿ ಎಂದು ಕಲ್ಲಿನ ಬದಲು ಕಟ್ಟಿಗೆ ತುಂಡು ಹಾಕಿದ್ದರು. ಕ್ಲಾಸಿಗೆ ಕ್ಲಾಸೇ ‘ಇಳಿಕೆ’ ಎಂದು ಗುರುತು ಹಾಕಿತು. ಕುಂಚಾವರಂ ಹುಡುಗಿ ಮಾತ್ರ ‘ಇದ್ದಲ್ಲೇ’ ಎಂದಳು. ಅವಳದು ತಪ್ಪಾಯಿತು. ಅವಳು ನನ್ನನ್ನು ಕರೆದುಕೊಂಡೇ ಅವರ ಕೋಣೆಗೆ ಹೋದಳು.

“ಸರ್, ಕಟ್ಟಿಗಿ ನೀರಾಗೂ ತೇಲ್ತದಲ್ರಿ. ದೋಣ್ಯಾಗಿದ್ರೂ ಅಷ್ಟೇ ನೀರು ಸರಿಸ್ತದ, ಹೊರಗಿದ್ರೂ ಅಷ್ಟೇ.”

“ನೀ ಟ್ರಿಕ್ ಹಾಕಿಲ್ಲ.”

“ಟ್ರಿಕ್ ತಪ್ಪದ್ರಿ.”

“ಇಷ್ಟೊಂದು ವಿಚಾರ ಮಾಡಿದ್ರ ಪರೀಕ್ಷಾದಾಗ ಟೈಮ್ ಸಾಲಂಗಿಲ್ಲ,” ಎಂದು ನನ್ನತ್ತ ತಿರುಗಿದರು. “ಮೇಡಂ, ನೀವು ಹುಡುಗ್ಯಾರ್ನ ಕೆಡಸ್ಲಿಕತ್ತೀರಿ.”

“ಅವಳು ಹೇಳಿದ್ದು ಸರಿ ಅದ. ಅಂಕ ಕೊಡ್ರಿ,” ಎಂದೆ.

“ಒಬ್ಬಳಿಗೆ ಕೊಟ್ರ ಉಳಿದವರು ಏನಂತಾರ?”

ಅದು ಅವರ ಭೌತಶಾಸ್ತ್ರ. ಹೆಚ್ಚು ಜನ ಎತ್ತ ಇದ್ದಾರೋ ನೀರು ಅತ್ತ ಇಳಿಯಬೇಕು. ನಾನು ಮರುದಿನದಿಂದ ಹೋಗಲಿಲ್ಲ. ಹುಡುಗಿಯ ಅಪ್ಪನೂ ಅವಳನ್ನು ಬಿಡಿಸಿದ. ಸರ್‌ಗೆ ಅದರಿಂದ ಏನೂ ಆಗಲಿಲ್ಲ. ಬೇಡವೆನ್ನದೆ ನುಂಗುವ ಜನರಿಗೆ ನಮ್ಮಲ್ಲಿ ಬರವಿಲ್ಲ. ಈಗ ಚಿತ್ತಾಪುರದಲ್ಲೂ ಅವರದೊಂದು ಶಾಖೆ ಇದೆ.

ನಾನೂ ಈಗ ಚಿತ್ತಾಪುರದಲ್ಲೇ ಪಿಯು ಮಕ್ಕಳಿಗೆ ಕಲಿಸುತ್ತೇನೆ. ಹುಡುಗಿ ಕಲಬುರಗಿಯಲ್ಲಿ ಬಿಎಸ್‌ಸಿ ಓದುತ್ತಿದ್ದಾಳೆ. ಮೊನ್ನೆ ವಾಡಿ ಜಂಕ್ಷನ್ನಿನಲ್ಲಿ ಸಿಕ್ಕಳು. ಇಬ್ಬರೂ ಒಂದೇ ರೈಲು ಹತ್ತಿದೆವು. ಕ್ಷೇಮ ಸಮಾಚಾರ ಕೇಳುವ ಮೊದಲೇ ಅವಳು ಅಂದಳು:

“ಮೇಡಂ, ರೈಲು ಮುಂದ ಓಡೋವಾಗ ಅದರದೊಂದು ಭಾಗ ಹಿಂದಕ್ಕ ಹೊಂಟಿರ್ತದ. ಯಾವುದು ಹೇಳ್ರಿ?”

“ಉತ್ತರ ಹೇಳಬ್ಯಾಡ, ಸುಮ್ಮ ಕುಂದ್ರು,” ಎಂದೆ.

ಪಕ್ಕದ ಹಳಿಯ ಮೇಲೆ ಸಿಮೆಂಟಿನ ಗಾಡಿ ನಿಧಾನಕ್ಕೆ ಹೊರಟಿತ್ತು. ಅದರ ಗಾಲಿಗಳನ್ನೇ ನೋಡುತ್ತ ಕೂತೆ. ಗಾಲಿಯ ಒಳ ಅಂಚು ಹಳಿಯ ಮೇಲ್ಮೈಗಿಂತ ಸ್ವಲ್ಪ ಕೆಳಗೆ ಇಳಿದಿರುತ್ತದೆ. ಗಾಲಿ ಹಳಿಗೆ ತಾಗುವ ಬಿಂದು ಆ ಕ್ಷಣಕ್ಕೆ ನಿಂತಿರುತ್ತದೆ, ಅದರ ಮೇಲಿನದೆಲ್ಲ ಮುಂದಕ್ಕೆ ಹೋದರೆ ಕೆಳಗಿಳಿದ ಆ ತುಣುಕು ಪ್ರತಿ ಕ್ಷಣವೂ ಹಿಂದಕ್ಕೆ ಸಾಗುತ್ತಿರುತ್ತದೆ. ಹೇಳಿದೆ. ಅವಳು ತಲೆಯಾಡಿಸಿ ಚೀಲದಿಂದ ಶೇಂಗಾ ಚಿಕ್ಕಿ ತೆಗೆದು ಅರ್ಧ ಮುರಿದು ಕೊಟ್ಟಳು.